ಬೆರಳೆತ್ತಿದ ದಾದಿ

ಮೇಷ್ಟ್ರು ಶಾಲೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಕಚೇರಿಯಲ್ಲಿ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಒಂದು ಕಾಲದಲ್ಲಿ ಅವರು ಡ್ರಾಯಿಂಗ್ ಮೇಷ್ಟ್ರು. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಗಣಿತದವರು ಒಂದು ಪೀರಿಯಡ್, ವಿಜ್ಞಾನದವರು ಒಂದು ಪೀರಿಯಡ್ ಎಂದು ಅವರ ತರಗತಿಗಳನ್ನು ಎರವಲು ಪಡೆದರು, ಯಾರೂ ವಾಪಸು ಕೊಡಲಿಲ್ಲ. ಕೊನೆಗೆ ಅವರ ಪಾಲಿಗೆ ಉಳಿದದ್ದು ಶನಿವಾರದ ಕಡೆಯ ಪೀರಿಯಡ್ ಒಂದೇ. ಅದನ್ನೂ ಕೇಳಿಕೊಂಡು ಆಟದ ಮೇಷ್ಟ್ರು ಬಂದ ದಿನ ಇವರು ತುಟಿಪಿಟಕ್ಕೆನ್ನದೆ ಬಣ್ಣದ ಸೀಮೆಸುಣ್ಣದ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಗೇಟು ದಾಟಿದರು. ಡಬ್ಬಿ ಶಾಲೆಯದಾಗಿತ್ತು. ಮರುದಿನ ಹೋಗಿ ವಾಪಸು ಕೊಟ್ಟು ಬಂದರು.

ಈಗ ಅವರಿದ್ದದ್ದು ಫೋನಿನಲ್ಲೂ ಕಂಪ್ಯೂಟರಿನಲ್ಲೂ ನೋಡುವಂಥ ಪಾಠಗಳನ್ನು ತಯಾರಿಸುವ ಕಚೇರಿಯಲ್ಲಿ. ಕೆಳಗೆ ಟೈರ್ ಅಂಗಡಿ, ಮೇಲೆ ಮೂರನೇ ಮಹಡಿಯಲ್ಲಿ ಇವರು. ಕಿಟಕಿ ತೆರೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಸೆಕೆ. ಈ ವಿಷಯದಲ್ಲಿ ಕಚೇರಿ ಎರಡು ಪಕ್ಷವಾಗಿ ಒಡೆದಿತ್ತು. ಒಂದು ಕಾರ್ಖಾನೆಗೆ ಬೆಂಕಿ ಆರಿಸುವ ಪಾಠ, ಇನ್ನೊಂದು ಹೋಟೆಲಿಗೆ ಕೈ ತೊಳೆಯುವ ಪಾಠ, ಹೀಗೆ ಕೇಳಿದವರಿಗೆ ಕೇಳಿದಂತೆ ಚಿತ್ರ, ದನಿ, ಅಕ್ಷರ ಮೂರನ್ನೂ ಸೇರಿಸಿ ಪಾಠ ಕಟ್ಟಿಕೊಡುವುದು ಅವರ ಕೆಲಸ. ಚಿತ್ರ ಮೇಷ್ಟ್ರದು. ದನಿ, ಹಿಂದೆ ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುತ್ತಿದ್ದ ಒಬ್ಬ ಹೆಂಗಸಿನದು. ಅವರು ‘ಬೆಂಕಿ ಬಿದ್ದಿದೆ, ಓಡಿ’ ಎಂದರೂ ಇನ್ನೂ ಸ್ವಲ್ಪ ಕೂತು ಕೇಳೋಣ ಅನ್ನಿಸುತ್ತಿತ್ತು. ಇವೆಲ್ಲವನ್ನೂ ಹೊಂದಿಸುವುದು ಪ್ರೋಗ್ರಾಮರ್ ಹುಡುಗಿಯ ಪಾಲಿಗೆ. ಮೂವರನ್ನೂ ಹೊಂದಿಸುವುದು ಕಚೇರಿ ನಡೆಸುವ ಮೇಡಂ ಪಾಲಿಗೆ.

ಪಾಠವನ್ನು ಯಾವ ಯಂತ್ರದಲ್ಲಿ ತೆರೆದರೂ ಸರಿಯಾಗಿ ಕಾಣಬೇಕು ಎನ್ನುವುದು ಮೇಡಂ ಹಿಡಿದ ಪಟ್ಟು. ಅದಕ್ಕಾಗಿಯೇ ಕಚೇರಿಯಲ್ಲಿ ಒಂದು ಬೂಟಿನ ಡಬ್ಬಿ ಇತ್ತು, ಅದರ ತುಂಬ ತರಹೇವಾರಿ ಫೋನುಗಳು. ಎಲ್ಲಕ್ಕೂ ಹೆಸರಿಟ್ಟಿದ್ದರು. ಸ್ಲೇಟಿನಷ್ಟು ಅಗಲವಾದದ್ದು ದೊಡ್ಡಪ್ಪ, ಗಾಜು ಸೀಳಿದ್ದು ಸೊಟ್ಟಮೂತಿ, ಒತ್ತಿದ ಮೇಲೆ ಚೆನ್ನಾಗಿ ಯೋಚನೆ ಮಾಡಿ ಕೆಲಸ ಶುರುಮಾಡುವ ಪುಟ್ಟ ಫೋನು ತಾತ. ಹೊಸ ಪಾಠ ಮುಗಿದ ದಿನ ಎಲ್ಲರೂ ಮೇಜಿನ ಸುತ್ತ ನಿಂತು ಒಂದೊಂದರಲ್ಲೂ ಅದನ್ನು ತೆರೆಯುವರು. ಪಾಠ ಶುರುವಾದ ಕೂಡಲೇ ಪ್ರೋಗ್ರಾಮರ್ “ಓಡ್ತು” ಅನ್ನುವಳು. ಮಿಕ್ಕವರೂ “ಓಡ್ತು” ಅನ್ನುವರು. ಮುಂದಿನ ಫೋನು. ತಾತನಲ್ಲೂ ಓಡಿಬಿಟ್ಟರೆ ಅಂದು ಟೀ ಜೊತೆಗೆ ಬಿಸ್ಕತ್ತು ಬರುತ್ತಿತ್ತು. ಕೊನೆಯವರೆಗೆ ಯಾರೂ ನೋಡುತ್ತಿರಲಿಲ್ಲ. ತಿಂಗಳುಗಟ್ಟಲೆ ಅದನ್ನೇ ಮಾಡಿ ಎಲ್ಲರಿಗೂ ಪಾಠ ಬಾಯಿಗೆ ಬಂದಿರುತ್ತಿತ್ತು. ಆ ಫೋನುಗಳಿಗೋ ದಿನಾ ಹೊಟ್ಟೆ ತುಂಬ ಚಾರ್ಜು, ಕಚೇರಿಯ ವೈಫೈ, ಪೂರ್ತಿ ದನಿ. ಅಷ್ಟು ಸುಖವಾಗಿ ಬದುಕಿದ ಫೋನುಗಳು ಊರಿನಲ್ಲಿ ಬೇರೆ ಇರಲಿಲ್ಲ.

ಆ ವರ್ಷ ದೊಡ್ಡ ಆಸ್ಪತ್ರೆಯಿಂದ ಕೆಲಸ ಬಂತು. ವಾರ್ಡಿನಲ್ಲಿ ದುಡಿಯುವ ಸಹಾಯಕರಿಗೆ ಪಾಠ ಬೇಕು. ಹಾಸಿಗೆ ಹಿಡಿದ ರೋಗಿಯನ್ನು ಮಗ್ಗುಲು ಬದಲಿಸುವುದು ಹೇಗೆ, ಮಂಚದಿಂದ ಗಾಲಿಕುರ್ಚಿಗೆ ಕೂರಿಸುವುದು ಹೇಗೆ, ಇಂಥವು. ಮೇಷ್ಟ್ರು ಅದಕ್ಕೆ ಒಬ್ಬ ದಾದಿಯನ್ನು ಬರೆದರು. ಶಾಲೆಯಲ್ಲಿ ಯಾರಿಗೂ ಬೇಡವಾಗಿದ್ದ ಕೈ ಅದು, ಇಲ್ಲಿ ಸೇಡು ತೀರಿಸಿಕೊಂಡಿತು. ದಾದಿಗೆ ಎಡಗೆನ್ನೆಯಲ್ಲಿ ಗುಳಿ ಬಂತು, ಟೋಪಿಯಿಂದ ತಪ್ಪಿಸಿಕೊಂಡ ಒಂದು ಕೂದಲೆಳೆ ಬಂತು. ಪಾಠದ ಉದ್ದಕ್ಕೂ ಅವಳು ಕೆಲಸ ಮಾಡಿ ತೋರಿಸುತ್ತಾಳೆ. ಮುಖ್ಯವಾದ ಮಾತು ಬಂದಾಗ ಮಾತ್ರ ಕೈಕೆಲಸ ನಿಲ್ಲಿಸಿ, ನೋಡುವವರ ಕಡೆ ತಿರುಗಿ, ತೋರುಬೆರಳು ಎತ್ತಿ ಮುಗುಳ್ನಗುತ್ತಾಳೆ. ಆ ಬೆರಳಿನ ಪಕ್ಕದಲ್ಲಿ ದಪ್ಪ ಅಕ್ಷರ ಮೂಡುತ್ತದೆ: ಮೊದಲು ಗಾಲಿಗೆ ಬ್ರೇಕ್ ಹಾಕಿ. ಅದನ್ನೇ ದನಿಯೂ ಹೇಳುತ್ತದೆ. ಬೆರಳು ಎತ್ತುವಾಗ ಮಣಿಕಟ್ಟು ಚೂರೇ ಚೂರು ಬಳುಕುತ್ತಿತ್ತು. ಅದೊಂದು ಬಳುಕಿಗೆ ಮೇಷ್ಟ್ರು ಒಂದು ವಾರ ಕೂತಿದ್ದರು.

“ಮೇಷ್ಟ್ರೇ, ಸಣ್ಣ ಫೋನಲ್ಲಿ ಜಾಗ ಸಾಲ್ತಿಲ್ಲ,” ಎಂದಳು ಪ್ರೋಗ್ರಾಮರ್ ಒಂದು ಸಂಜೆ. “ಅಕ್ಷರ ಬಂದು ನಿಮ್ಮ ನರ್ಸ್ ಮುಖದ ಮೇಲೆ ಕೂರ್ತಿದೆ. ಒಂದೋ ಅವಳನ್ನ ಚಿಕ್ಕದು ಮಾಡ್ಬೇಕು, ಇಲ್ಲಾ ಅಕ್ಷರ ತೆಗೀಬೇಕು.”

ಮೇಷ್ಟ್ರು ತಾತನನ್ನು ಕೈಗೆ ತಗೊಂಡು ನೋಡಿದರು. ಗುಳಿಯ ಮೇಲೆ ‘ಬ್ರೇಕ್’ ಎಂದು ಬರೆದಿತ್ತು. ಅವರಿಗೆ ತಡೆಯಲಾಗಲಿಲ್ಲ.

“ಅಕ್ಷರ ತೆಗೆದುಬಿಡಮ್ಮ. ಹೇಗಿದ್ರೂ ದನಿ ಹೇಳತ್ತಲ್ಲ.”

“ಸಣ್ಣ ಫೋನಿಗೆ ಮಾತ್ರ ತಾನೇ?”

“ಸಣ್ಣದಕ್ಕೆ ಮಾತ್ರ.”

ಮಾತುಕತೆ ಅಷ್ಟೇ. ಎರಡು ದಿನ ಬಿಟ್ಟು ಪಾಠ ಎಲ್ಲದರಲ್ಲೂ ಓಡಿತು, ತಾತನಲ್ಲೂ ಓಡಿತು, ಎಲ್ಲರೂ ಬಿಸ್ಕತ್ತು ತಿಂದರು.

ಆ ಆಸ್ಪತ್ರೆಯಲ್ಲೇ ಮೇಷ್ಟ್ರ ಅಕ್ಕ ಕೆಲಸಕ್ಕಿದ್ದರು. ಎಲುಬು ಮುರಿದವರ ವಾರ್ಡಿನಲ್ಲಿ ಸಹಾಯಕಿ. ಅಲ್ಲಿಗೆ ಬರುವವರು ಬೇಗ ಹೋಗುವವರಲ್ಲ, ಕಾಲು ಮೇಲೆ ಕಟ್ಟಿಸಿಕೊಂಡು ವಾರಗಟ್ಟಲೆ ಮಲಗಿರುವವರು. ಹಾಗಾಗಿ ಅಕ್ಕನ ಬಾಯಿಗೆ ಬಿಡುವಿರುತ್ತಿರಲಿಲ್ಲ. ಯಾರ ಸೊಸೆ ನೋಡಲು ಬಂದಳು, ಯಾರ ಮಗ ಬರಲಿಲ್ಲ, ಯಾರು ಮಾತ್ರೆಯನ್ನು ದಿಂಬಿನಡಿ ಬಚ್ಚಿಟ್ಟರು, ಎಲ್ಲ ಅವರಿಗೆ ಗೊತ್ತು. ಕೆಲಸದಲ್ಲಿ ಅವರೇನು ಮಹಾ ನಿಪುಣೆ ಅಲ್ಲ. ಒಂದು ಮರೆತರೆ ಇನ್ನೊಂದು ನೆನಪಿರುತ್ತಿತ್ತು, ಅಷ್ಟರಲ್ಲಿ ಬಂಡಿ ಸಾಗುತ್ತಿತ್ತು. ಆದರೆ ರೋಗಿಗಳು ಅವರನ್ನೇ ಕೇಳಿ ಕರೆಸಿಕೊಳ್ಳುತ್ತಿದ್ದರು.

ಈಗ ಆಸ್ಪತ್ರೆ ಹೊಸ ನಿಯಮ ತಂದಿತ್ತು. ಸಹಾಯಕರೆಲ್ಲ ತಮ್ಮ ತಮ್ಮ ಫೋನಿನಲ್ಲಿ ಪಾಠ ನೋಡಿ, ಮಂಚದ ಪಕ್ಕ ನಿಂತು ಮಾಡಿ ತೋರಿಸುವ ಪರೀಕ್ಷೆ ಪಾಸಾಗಬೇಕು. ಮೂರು ಅವಕಾಶ. ಮೂರರಲ್ಲೂ ಫೇಲಾದವರು ವಾರ್ಡು ಬಿಟ್ಟು ನೆಲಮಾಳಿಗೆಯ ಬಟ್ಟೆ ಒಗೆಯುವ ವಿಭಾಗಕ್ಕೆ. ಸಂಬಳ ಅದೇ. ಕಿಟಕಿ ಇಲ್ಲ, ದಿನವಿಡೀ ಗುಡುಗುಡು ಅನ್ನುವ ಯಂತ್ರಗಳು, ಪಕ್ಕದಲ್ಲಿದ್ದವರು ಕಿರುಚಿದರೂ ಕೇಳಿಸುವುದಿಲ್ಲ. “ಅಲ್ಲಿ ನನ್ನ ಜೊತೆ ಮಾತಾಡೋಕೆ ಯಾರಿರ್ತಾರೆ, ಹಾಸಿಗೆ ಬಟ್ಟೇನಾ?” ಎಂದು ಅಕ್ಕ ಒಮ್ಮೆ ಅಂದಿದ್ದರು. ನಗುತ್ತಲೇ ಅಂದರೂ ಮುಖ ಬಿಳಿಚಿಕೊಂಡಿತ್ತು.

ಪಾಠ ಮಾಡಿದ್ದು ತಮ್ಮನೇ ಎಂದು ತಿಳಿದ ಮೇಲೆ ಅವರಿಗೆ ಧೈರ್ಯ ಬಂತು. “ತುಂಬಾ ಚೆನ್ನಾಗಿದೆ ಕಣೋ. ಆ ಹುಡುಗಿ ಎಷ್ಟು ಲಕ್ಷಣವಾಗಿದ್ದಾಳೆ!” ಎಂದು ಫೋನು ಮಾಡಿ ಹೇಳಿದರು. ಪರೀಕ್ಷೆ ಏನಾಯಿತು ಎಂದರೆ, ಮುಂದಕ್ಕೆ ಹೋಯಿತು ಎಂದರು. ಮೇಷ್ಟ್ರು ನಂಬಿದರು. ಮನೆಯಲ್ಲಿ ಹೆಂಡತಿಯೂ ಪಾಠ ಚೆನ್ನಾಗಿದೆ ಎಂದಿದ್ದರು. ಅವರು ನೋಡಿರಲಿಲ್ಲ.

ಒಂದು ದಿನ ಮೇಡಂ ಮೇಷ್ಟ್ರನ್ನು ಕರೆದು, “ಆಸ್ಪತ್ರೇಲಿ ಪರೀಕ್ಷೆ ನಡೀತಿದ್ಯಂತೆ. ನಮ್ಮ ಪಾಠದಿಂದ ಜನ ಹೇಗೆ ಕಲಿತಿದ್ದಾರೆ ಅಂತ ವಿಡಿಯೋ ಮಾಡ್ಕೊಂಡು ಬನ್ನಿ. ಮುಂದಿನ ಗಿರಾಕಿಗಳಿಗೆ ತೋರಿಸ್ಬೋದು,” ಎಂದರು.

ಪರೀಕ್ಷೆಯ ಕೋಣೆಯಲ್ಲಿ ಒಂದು ಮಂಚ, ಒಂದು ಗಾಲಿಕುರ್ಚಿ, ಪರೀಕ್ಷಕಿಯಾಗಿ ದೊಡ್ಡ ಸಿಸ್ಟರ್. ರೋಗಿಯ ಬದಲು ಆಂಬ್ಯುಲೆನ್ಸ್ ಚಾಲಕನನ್ನು ಮಲಗಿಸಿದ್ದರು. ಅವನು ಬಿಡುವಿನಲ್ಲಿದ್ದ, ತೂಕವಾಗಿಯೂ ಇದ್ದ. ಮೇಷ್ಟ್ರು ಮೂಲೆಯಲ್ಲಿ ಕ್ಯಾಮೆರಾ ಹಿಡಿದು ನಿಂತರು.

ಮೊದಲು ಬಂದದ್ದು ಮೀಸೆ ಹೊತ್ತ ಒಬ್ಬ ದೃಢಕಾಯ. ಮಂಚದ ಹತ್ತಿರ ಹೋದ, ನಿಂತ, ದೊಡ್ಡ ಸಿಸ್ಟರ್ ಕಡೆ ತಿರುಗಿದ, ತೋರುಬೆರಳು ಎತ್ತಿದ, ಮುಗುಳ್ನಕ್ಕ. ಮಣಿಕಟ್ಟು ಕೂಡ ಚೂರು ಬಳುಕಿತು. ಮೇಷ್ಟ್ರಿಗೆ ಮೈ ಜುಮ್ಮೆಂದಿತು. ತಮ್ಮ ದಾದಿ ಇಷ್ಟು ಆಳಕ್ಕೆ ಇಳಿದಿದ್ದಾಳಲ್ಲ ಎಂದು ಹಿಗ್ಗಿಹೋದರು. ಅಷ್ಟರಲ್ಲಿ ಆ ಮನುಷ್ಯ ಚಾಲಕನನ್ನು ತಬ್ಬಿ ಎತ್ತಿ ಕುರ್ಚಿಗೆ ಕೂರಿಸಹೋದ. ಬ್ರೇಕ್ ಹಾಕದ ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು. ಚಾಲಕ ಮಂಚದ ಕಾಲು ಹಿಡಿದುಕೊಂಡು ಬಚಾವಾದ.

“ಫೇಲ್. ಮುಂದಿನವರು,” ಎಂದರು ದೊಡ್ಡ ಸಿಸ್ಟರ್.

ಮುಂದೆ ಬಂದವಳೂ ಬೆರಳೆತ್ತಿದಳು. ಅವಳ ಹಿಂದಿನವನೂ ಎತ್ತಿದ. ನಡುವೆ ಇಬ್ಬರು ಮಾತ್ರ ಯಾವ ಬೆರಳೂ ಎತ್ತದೆ, ಬ್ರೇಕ್ ಹಾಕಿ, ರೋಗಿಗೆ ಹೇಳಿ, ನೀಟಾಗಿ ಮಾಡಿ ಪಾಸಾದರು. ಅವರು ಕೆಲಸ ಮಾಡುತ್ತಿದ್ದದ್ದು ಆಸ್ಪತ್ರೆಯ ಕಚೇರಿಯ ಪಕ್ಕದ ವಾರ್ಡಿನಲ್ಲಿ, ಪಾಠ ನೋಡಿದ್ದು ಅಲ್ಲಿನ ದೊಡ್ಡ ಕಂಪ್ಯೂಟರಿನಲ್ಲಿ. ಮಿಕ್ಕವರೆಲ್ಲ ಎತ್ತಿದವರೇ. ಕುರ್ಚಿ ಗೋಡೆಗೆ ಬಡಿದು ಬಡಿದು ಸುಣ್ಣ ಉದುರಿತು.

“ಸಿಸ್ಟರ್, ನನಗೆ ಹೆಂಡ್ತಿ ಮಕ್ಕಳಿದ್ದಾರೆ,” ಎಂದ ಚಾಲಕ ಮಲಗಿದಲ್ಲಿಂದಲೇ.

“ಏನ್ರೀ ಇದು, ಎಲ್ಲರೂ ಬಂದು ಬೆರಳು ತೋರಿಸಿ ಹಲ್ಲು ಬಿಡ್ತಾರೆ?” ದೊಡ್ಡ ಸಿಸ್ಟರ್ ಕನ್ನಡಕ ತೆಗೆದು ಮೇಷ್ಟ್ರನ್ನು ನೋಡಿದರು. “ಇದು ನಿಮ್ಮ ಪಾಠದಲ್ಲಿ ಇದ್ಯಾ?”

ಮೇಷ್ಟ್ರು ಕ್ಯಾಮೆರಾದ ಗಾಜು ಒರೆಸಿದರು. “ಗೊತ್ತಿಲ್ಲ ಸಿಸ್ಟರ್. ನಾನು ಕ್ಯಾಮೆರಾದವನು,” ಎಂದರು.

ಅದೇ ಹೊತ್ತಿಗೆ ಬಾಗಿಲು ತೆರೆದು ಅಕ್ಕ ಒಳಗೆ ಬಂದರು. ತಮ್ಮನನ್ನು ಕಂಡು ಒಂದು ಗಳಿಗೆ ತಬ್ಬಿಬ್ಬಾದರು, ಆಮೇಲೆ ಮುಖ ಅರಳಿತು. ಮಂಚದ ಹತ್ತಿರ ಹೋಗಿ ಸೆಟೆದು ನಿಂತರು. ಮೇಷ್ಟ್ರು ಕ್ಯಾಮೆರಾದ ಹಿಂದೆ ತಲೆ ಅಲ್ಲಾಡಿಸಿದರು, ಬೇಡ ಬೇಡ ಎಂದು ಕಣ್ಸನ್ನೆ ಮಾಡಿದರು. ಅಕ್ಕ ಅದನ್ನು ಹುರಿದುಂಬಿಸುವುದು ಎಂದುಕೊಂಡರು. ಅವತ್ತು ಆ ಕೋಣೆಯಲ್ಲಿ ಎತ್ತಿದ ಬೆರಳುಗಳಲ್ಲೆಲ್ಲ ಅವರದೇ ಅಚ್ಚುಕಟ್ಟಾದ ಬೆರಳು. ನಗು ಕೂಡ ಥೇಟ್ ದಾದಿಯದೇ. ಆಮೇಲೆ ಕುರ್ಚಿ ಸರಿಯಿತು.

“ಫೇಲ್,” ಎಂದರು ದೊಡ್ಡ ಸಿಸ್ಟರ್. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

ಹೊರಗೆ ಮೆಟ್ಟಿಲ ಹತ್ತಿರ ಅಕ್ಕ ಗೋಡೆಗೆ ಒರಗಿ ನಿಂತಿದ್ದರು. “ಇದು ಎರಡನೇ ಸಲ ಕಣೋ,” ಎಂದರು. “ಮೊದಲನೇದು ಮುಂದಕ್ಕೆ ಹೋಯ್ತು ಅಂದಿದ್ದು ಸುಳ್ಳು. ನಿನ್ನ ಪಾಠ ನೋಡಿಯೂ ಫೇಲಾದೆ ಅಂತ ಹೇಗೆ ಹೇಳೋದು? ನಿನಗೆ ಬೇಜಾರಾಗಲ್ವಾ?”

ಮೇಷ್ಟ್ರು ಕ್ಯಾಮೆರಾವನ್ನು ಚೀಲಕ್ಕೆ ಹಾಕಿದರು.

“ಹೋದ ಸಲ ನಗೋದು ಮರೆತಿದ್ದೆ. ಅದಕ್ಕೇ ಫೇಲ್ ಮಾಡಿದ್ರು ಅಂದ್ಕೊಂಡೆ. ಈ ಸಲ ಕನ್ನಡಿ ಮುಂದೆ ನಿಂತು ಕಲ್ತೆ. ಬೆರಳು ಸರಿಯಾಗಿ ಎತ್ತಿದ್ನಾ?”

“ಸರಿಯಾಗಿತ್ತು,” ಎಂದರು ಮೇಷ್ಟ್ರು. ಅಂದ ಕೂಡಲೇ ತಮ್ಮ ಮೇಲೆ ತಮಗೇ ಅಸಹ್ಯವಾಯಿತು. “ನೀನು ಪಾಠ ಎಲ್ಲಿ ಕೂತು ನೋಡ್ತೀಯ, ತೋರಿಸು.”

ಅಕ್ಕ ಅವರನ್ನು ವಾರ್ಡಿನ ತುದಿಯ ಬಟ್ಟೆ ಇಡುವ ಕೋಣೆಗೆ ಕರೆದುಕೊಂಡು ಹೋದರು. ಕೋಣೆ ಎಂದರೆ ದೊಡ್ಡ ಕಪಾಟು. ಮೂರು ಕಡೆ ಮಡಿಸಿಟ್ಟ ಹೊದಿಕೆ, ದಿಂಬಿನ ಕವಚ, ನಡುವೆ ಮೊಗಚಿ ಹಾಕಿದ ಒಂದು ಬಕೆಟ್ಟು. ಬಿಡುವಾದಾಗ ಒಬ್ಬೊಬ್ಬರೇ ಬಂದು ಆ ಬಕೆಟ್ಟಿನ ಮೇಲೆ ಕೂತು ಪಾಠ ನೋಡುವುದು. ಅಕ್ಕ ಜೇಬಿನಿಂದ ಫೋನು ತೆಗೆದರು. ಅದು ತಾತನಿಗಿಂತ ಹಿರಿಯ.

“ದನಿ ಎಲ್ಲಿ?”

“ವಾರ್ಡಲ್ಲಿ ಫೋನಿನ ಸದ್ದು ಕೇಳಿಸಿದ್ರೆ ಸಿಸ್ಟರ್ ಕಿತ್ತಿಟ್ಕೋತಾರೆ. ಮನೇಲೂ ದನಿ ಹಾಕೋ ಹಾಗಿಲ್ಲ, ನಿನ್ನ ಭಾವ ನಸುಕಿನ ಪಾಳಿಗೆ ಹೋಗ್ಬೇಕು, ನಾನು ಮನೆ ಸೇರೋ ಹೊತ್ತಿಗೆ ಮಲಗಿರ್ತಾರೆ. ಇರೋದು ಒಂದೇ ಕೋಣೆ.” ಅಕ್ಕ ತಮ್ಮನಿಗೆ ಸಮಾಧಾನ ಹೇಳುವವರ ಹಾಗೆ ಮುಂದುವರಿಸಿದರು. “ದನಿ ಯಾಕೆ ಬೇಕು ಬಿಡು. ಚಿತ್ರ ಅಷ್ಟು ಚೆನ್ನಾಗಿದೆ, ನೋಡಿದ್ರೆ ತಿಳಿಯತ್ತೆ.”

ಮೇಷ್ಟ್ರು ಬಕೆಟ್ಟಿನ ಮೇಲೆ ಕೂತು ತಾವೇ ಮಾಡಿದ ಪಾಠವನ್ನು ಮೊದಲ ಸಲ ಕೊನೆಯವರೆಗೆ ನೋಡಿದರು. ಒಬ್ಬ ಲಕ್ಷಣವಾದ ಹೆಂಗಸು ಮಂಚದ ಹತ್ತಿರ ಬರುತ್ತಾಳೆ. ಆಕಾಶಕ್ಕೆ ಬೆರಳು ತೋರಿಸಿ ನಗುತ್ತಾಳೆ. ರೋಗಿಯ ಮಂಡಿ ಮಡಿಸುತ್ತಾಳೆ. ಮತ್ತೆ ಆಕಾಶಕ್ಕೆ ಬೆರಳು ತೋರಿಸಿ ನಗುತ್ತಾಳೆ. ಬ್ರೇಕು, ಗಾಲಿ, ಅವಳ ಕಾಲು ಎಲ್ಲ ಚೌಕಟ್ಟಿನ ಕೆಳಗೆ ಉಳಿದು, ಮುಖ ದೊಡ್ಡದಾಗಿ ಬರುವಂತೆ ಕೂರಿಸಿದ್ದರು. ಕೂರಿಸಿದವರು ಯಾರು ಎಂದು ಬೇರೆ ಕೇಳಬೇಕಾಗಿರಲಿಲ್ಲ.

“ಆ ಬೆರಳು ಯಾಕೆ ಅಂತ ನಾವೆಲ್ಲ ಸೇರಿ ತಲೆ ಕೆಡಿಸ್ಕೊಂಡ್ವಿ,” ಎಂದರು ಅಕ್ಕ. “ಒಬ್ಬಳು ಅಂದ್ಲು, ರೋಗಿಗೆ ಒಂದು ನಿಮಿಷ ತಡಿ ಅಂತ ಹೇಳೋದು. ಮೀಸೆಯವನು ಅಂದ, ರೋಗಿಗೆ ಪ್ರಜ್ಞೆ ಇದ್ಯಾ, ಬೆರಳು ಕಾಣತ್ತಾ ಅಂತ ಪರೀಕ್ಷೆ. ಅದೇ ಸರಿ ಅಂತ ಒಪ್ಕೊಂಡ್ವಿ.”

ತಪ್ಪು ತಮ್ಮದು ಎಂದು ಮೇಷ್ಟ್ರು ಆಗಲೂ ಹೇಳಲಿಲ್ಲ. ಇದು ಸಮಯವಲ್ಲ ಎಂದುಕೊಂಡರು. ನಾಚಿಕೆ ಎನ್ನುವುದೇ ಸರಿ. ಮೂರನೆಯ ಪರೀಕ್ಷೆ ಯಾವಾಗ ಎಂದು ಕೇಳಿದರು. ಬರುವ ತಿಂಗಳ ಮೊದಲಲ್ಲಿ ಎಂದರು ಅಕ್ಕ.

ಮರುದಿನ ಬೆಳಿಗ್ಗೆ ಕಚೇರಿಯಲ್ಲಿ ಮೇಡಂ ವಿಡಿಯೋ ಕೇಳಿದರು. ಮೇಷ್ಟ್ರು ಕೊಟ್ಟರು. ಎಲ್ಲರೂ ಮೇಜಿನ ಸುತ್ತ ನಿಂತು ನೋಡಿದರು. ನಾಲ್ಕನೆಯ ಬೆರಳಿಗೆ ಮೇಡಂ “ನಿಲ್ಲಿಸಿ” ಎಂದರು.

“ಪಾಠ ಎಲ್ಲದ್ರಲ್ಲೂ ಓಡಿತ್ತಲ್ಲ ಮೇಷ್ಟ್ರೇ?”

“ಓಡಿತ್ತು ಮೇಡಂ.”

“ಮತ್ತೆ?”

ಮೇಷ್ಟ್ರು ಡಬ್ಬಿಯಿಂದ ತಾತನನ್ನು ಎತ್ತಿ, ದನಿ ಪೂರ್ತಿ ಇಳಿಸಿ, ಪಾಠ ಹಾಕಿ ಮೇಜಿನ ನಡುವೆ ಇಟ್ಟರು. ಯಾರೂ ಓಡ್ತು ಅನ್ನಲಿಲ್ಲ. ಕೊನೆಯವರೆಗೆ ನೋಡಿದರು. ಟೈರ್ ಅಂಗಡಿಯವರು ಕೆಳಗೆ ಗಾಳಿ ತುಂಬುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ದನಿ ಕೊಟ್ಟ ಹೆಂಗಸಿಗೆ ಎಲ್ಲರಿಗಿಂತ ಹೆಚ್ಚು ನೋವಾಯಿತು. “ಇದರಲ್ಲಿ ನಾನೇ ಇಲ್ವಲ್ಲ,” ಎಂದರು.

“ಅಕ್ಷರ ತೆಗೆಸಿದ್ದು ನಾನು,” ಎಂದರು ಮೇಷ್ಟ್ರು. “ಅವಳ ಮುಖ ಮುಚ್ಚತ್ತೆ ಅಂತ.”

ಮೇಡಂ ತಾತನನ್ನು ಎತ್ತಿ ಡಬ್ಬಿಗೆ ವಾಪಸು ಇಟ್ಟರು. ಬೈದಿದ್ದರೆ ಮೇಷ್ಟ್ರಿಗೆ ಹಗುರವಾಗುತ್ತಿತ್ತು. ಕೊನೆಗೆ “ಪರೀಕ್ಷೆಗೆ ಮುಂಚೆ ಸರಿಮಾಡಿ,” ಎಂದು ಎದ್ದು ಹೋದರು.

ಸರಿಮಾಡುವುದು ಬಾಯಲ್ಲಿ ಹೇಳಿದಷ್ಟು ಸುಲಭವಾಗಿರಲಿಲ್ಲ. ಪ್ರೋಗ್ರಾಮರ್ ಪಕ್ಕದಲ್ಲಿ ಕೂತು ಮೇಷ್ಟ್ರು ಪಾಠವನ್ನು ತುಂಡು ತುಂಡು ಮಾಡಿದರು. ಒಂದು ಪರದೆಗೆ ಒಂದೇ ಮಾತು. ಮೇಲೆ ಚಿತ್ರ, ಕೆಳಗೆ ಅದೇ ಮಾತು ದಪ್ಪ ಅಕ್ಷರದಲ್ಲಿ. ದನಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ದೊಡ್ಡ ಪರದೆಯಲ್ಲಿ ದಾದಿ ಪೂರ್ತಿ ಕಾಣುತ್ತಾಳೆ, ಸಣ್ಣದರಲ್ಲಿ ಬ್ರೇಕ್ ಒತ್ತುವ ಕಾಲು, ಭುಜದ ಮೇಲಿಟ್ಟ ಕೈ, ಸೊಂಟ ಹಿಡಿದ ಇನ್ನೊಂದು ಕೈ, ಅಷ್ಟೇ.

“ಮುಖ ಹೋಗತ್ತೆ ಮೇಷ್ಟ್ರೇ,” ಎಂದಳು ಪ್ರೋಗ್ರಾಮರ್. ಈ ಸಲ ಮೆಲ್ಲಗೆ ಅಂದಳು.

“ಹೋಗ್ಲಿ.”

“ಗುಳಿ?”

“ಗುಳಿ ಮುಖದಲ್ಲೇ ತಾನೇ ಇರೋದು? ಅದೂ ಹೋಗ್ಲಿ.”

ಡಬ್ಬಿಯ ಫೋನುಗಳ ಸುಖದ ದಿನ ಮುಗಿಯಿತು. ಮೇಷ್ಟ್ರು ಅವುಗಳ ವೈಫೈ ಕಿತ್ತರು, ದನಿ ಇಳಿಸಿದರು, ಬೆಳಕು ತಗ್ಗಿಸಿದರು. ಬಿಸಿಲು ಬೀಳುವ ಮೆಟ್ಟಿಲ ಮೇಲೆ ಕೂತು, ಒಂದೊಂದರಲ್ಲೂ ಪಾಠವನ್ನು ಕೊನೆಯವರೆಗೆ ನೋಡಿದರು. ಕೆಳಗಿನ ಅಂಗಡಿಯ ಪಂಕ್ಚರ್ ಹಾಕುವವನು ಮೇಲೆ ಬಂದಾಗ ಅವನ ಕೈಗೆ ಫೋನು ಕೊಟ್ಟು, “ಇದರಲ್ಲಿ ಏನು ಹೇಳ್ತಿದ್ದಾರೆ, ಹೇಳು,” ಎಂದರು. ಅವನು ಎಣ್ಣೆಯ ಬೆರಳಲ್ಲಿ ಒತ್ತಿ ನೋಡಿ, “ಬ್ರೇಕ್ ಹಾಕಿಲ್ಲದಿದ್ರೆ ಯಾರನ್ನೂ ಕೂರಿಸ್ಬಾರ್ದು ಅಂತಿದ್ದಾರೆ. ಅದು ನಂಗೆ ಗೊತ್ತಿದ್ದಿದ್ದೇ,” ಎಂದ. ಮೇಷ್ಟ್ರಿಗೆ ಅವನ ಕೈ ಹಿಡಿದು ಕುಲುಕಬೇಕು ಅನ್ನಿಸಿತು.

ಪರೀಕ್ಷೆಗೆ ಇನ್ನು ಕೆಲವೇ ದಿನ ಇರುವಾಗ ಹೊಸ ಪಾಠ ಸಹಾಯಕರ ಫೋನುಗಳಿಗೆ ಹೋಯಿತು. ಅಂದು ಊಟದ ಮೇಜಿನ ಮುಂದೆ ಹೆಂಡತಿ ಕೇಳಿದರು. “ಅಕ್ಕನಿಗೆ ಹೇಳಿದ್ರಾ?”

“ಹೊಸ ಪಾಠ ಹೋಗಿದೆಯಲ್ಲ. ನೋಡಿದ್ರೆ ಗೊತ್ತಾಗತ್ತೆ.”

“ಏನು ಗೊತ್ತಾಗತ್ತೆ? ಹಳೇದರಲ್ಲಿ ಬೆರಳಿತ್ತು, ಹೊಸದರಲ್ಲಿಲ್ಲ. ಎರಡೂ ನೀವೇ ಮಾಡಿದ್ದು. ಅವರು ಎರಡೂ ಸರಿ ಅಂತಾರೆ.” ಹೆಂಡತಿ ಅನ್ನದ ಪಾತ್ರೆಯ ಮುಚ್ಚಳ ಮುಚ್ಚಿದರು. “ತಪ್ಪು ನಿಮ್ಮದು ಅಂತ ಬಾಯಿ ಬಿಟ್ಟು ಹೇಳಿ.”

ಮೇಷ್ಟ್ರು ಹೇಳಲು ಹೋದರು. ಬಸ್ಸಿನ ಉದ್ದಕ್ಕೂ ಮಾತು ಜೋಡಿಸಿಕೊಂಡರು: ಪರದೆಯ ಅಗಲ, ಅಕ್ಷರದ ಗಾತ್ರ, ತಾಂತ್ರಿಕ ಕಾರಣಗಳು. ಬಟ್ಟೆ ಕೋಣೆಯ ಬಾಗಿಲಲ್ಲಿ ಅಕ್ಕ ಹೊದಿಕೆ ಮಡಿಸುತ್ತಿದ್ದರು. ಒಂದು ತುದಿ ತಮ್ಮನ ಕೈಗೆ ಕೊಟ್ಟರು. ಇಬ್ಬರೂ ಚಿಕ್ಕಂದಿನಿಂದ ಹಾಗೇ ಮಡಿಸಿದವರು. ತಮ್ಮನನ್ನು ಡ್ರಾಯಿಂಗ್ ಶಾಲೆಗೆ ಸೇರಿಸುವುದಿಲ್ಲ ಎಂದು ಅಪ್ಪ ಹಟ ಹಿಡಿದಾಗ, ಸೇರಿಸುವ ತನಕ ಅಪ್ಪನ ಜೊತೆ ಮಾತು ಬಿಟ್ಟವರು ಈ ಅಕ್ಕ. ಮಾತಿಲ್ಲದೆ ಬದುಕಲಾರದ ಅಕ್ಕ.

“ಅಕ್ಕಾ, ಆ ಪಾಠ ತಪ್ಪು,” ಎಂದರು ಮೇಷ್ಟ್ರು. ಜೋಡಿಸಿಕೊಂಡಿದ್ದೆಲ್ಲ ಮರೆತುಹೋಗಿತ್ತು. “ನೀನು ಫೇಲಾಗಿದ್ದು ನನ್ನಿಂದ. ಅಲ್ಲಿ ಮಾತು ಇರ್ಬೇಕಿತ್ತು, ನಾನು ತೆಗೆಸ್ದೆ. ಚಿತ್ರ ಚೆನ್ನಾಗಿ ಕಾಣ್ಲಿ ಅಂತ.”

ಅಕ್ಕ ಹೊದಿಕೆಯ ತುದಿ ಹಿಡಿದುಕೊಂಡೇ ನಿಂತರು.

“ಹಾಗಾದ್ರೆ ಬೆರಳು ಎತ್ತೋದು ಬೇಡ್ವಾ?”

“ಬೇಡ.”

“ನಗೋದು?”

“ಅದು ನಿನ್ನಿಷ್ಟ.”

“ಸದ್ಯ,” ಎಂದರು ಅಕ್ಕ. “ಆ ದಪ್ಪ ಡ್ರೈವರನ್ನ ಎತ್ತೋ ಮುಂಚೆ ನಗೋದು ಎಷ್ಟು ಕಷ್ಟ ಗೊತ್ತಾ?” ಅಷ್ಟು ಹೇಳಿ ಹೊದಿಕೆಯನ್ನು ಎರಡನೇ ಮಡಿಕೆಗೆ ಎಳೆದರು. ತಮ್ಮನ ಮುಖ ನೋಡಲಿಲ್ಲ. ಮೇಷ್ಟ್ರು ಹೊಸ ಪಾಠ ತಪ್ಪದೆ ನೋಡು ಎಂದರು, ಎರಡು ಸಲ ಎಂದರು. ಅಕ್ಕ ಹೂಂ ಎಂದರು.

ಪರೀಕ್ಷೆಯ ದಿನ ಮೇಷ್ಟ್ರು ಕ್ಯಾಮೆರಾ ತರಲಿಲ್ಲ. ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಗೋಡೆಗೆ ಕಿವಿ ಕೊಟ್ಟರು. ಕುರ್ಚಿ ಗೋಡೆಗೆ ಬಡಿಯುವ ಸದ್ದು ಅವರಿಗೆ ಗುರುತಿತ್ತು. ಮೀಸೆಯವನು ಒಳಗೆ ಹೋದ, ಸದ್ದಿಲ್ಲ. ಮೀಸೆ ತಿರುವುತ್ತಾ ಹೊರಗೆ ಬಂದ. ಇನ್ನಿಬ್ಬರು ಹೋದರು, ಬಂದರು. ಆಮೇಲೆ ಅಕ್ಕ ಹೋದರು. ಅಕ್ಕ ಮಾತ್ರ ಬೇಗ ಬರಲಿಲ್ಲ. ಮೇಷ್ಟ್ರಿಗೆ ನೆಲಮಾಳಿಗೆಯ ಯಂತ್ರಗಳು ತಮ್ಮ ಎದೆಯಲ್ಲೇ ತಿರುಗುತ್ತಿರುವಂತೆ ಅನ್ನಿಸಿತು. ಒಳಗಿನಿಂದ ಯಾರೋ ಮಾತಾಡುವುದು ಕೇಳಿಸಿತು. ಕಿವಿಗೊಟ್ಟರೆ ಅಕ್ಕ, ಚಾಲಕನ ಹೆಂಡತಿಯ ಆರೋಗ್ಯ ವಿಚಾರಿಸುತ್ತಿದ್ದರು.

ಬಾಗಿಲು ತೆರೆಯಿತು. ಅಕ್ಕ ಬಂದು ಬೆಂಚಿನ ಮೇಲೆ ಕೂತು ಮೊದಲು ಚಪ್ಪಲಿ ಬಿಚ್ಚಿದರು.

“ಪಾಸು,” ಎಂದರು. “ದಿಂಬು ಇಡೋದು ಮರೆತೆ, ಅದಕ್ಕೆ ಅಂಕ ಹೋಯ್ತು. ಪರವಾಗಿಲ್ಲ, ವಾರ್ಡಲ್ಲೇ ಇರಿ ಅಂದ್ರು.”

ಮೇಷ್ಟ್ರ ಕಣ್ಣು ತುಂಬಿತು. ಮುಚ್ಚಿಟ್ಟುಕೊಳ್ಳಲು ಹೋಗಲಿಲ್ಲ. ಮುಖವನ್ನು ಅಂಗೈಯಲ್ಲಿ ಒರೆಸಿಕೊಂಡು, ಆ ತಿಂಗಳ ದುಡಿತವೆಲ್ಲ ಸಾರ್ಥಕವಾಯಿತು ಎನ್ನುವ ಸಂತೋಷದಲ್ಲಿ ಕೇಳಿದರು. “ಹೊಸ ಪಾಠ ಚೆನ್ನಾಗಿ ಅರ್ಥ ಆಯ್ತು ಹಾಗಾದ್ರೆ?”

“ನಾನು ನೋಡ್ಲಿಲ್ಲ ಕಣೋ.”

“ನೋಡ್ಲಿಲ್ವಾ? ಯಾಕೆ? ಫೋನಲ್ಲಿ ಬರ್ಲಿಲ್ವಾ?”

“ಬಂತು. ನಾನೇ ತೆಗೀಲಿಲ್ಲ.” ಅಕ್ಕ ಹಿಮ್ಮಡಿ ಒತ್ತಿಕೊಳ್ಳುತ್ತಾ, ಹವಾಮಾನದ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದರು. “ತೆಗೆದಿದ್ರೆ ಮತ್ತೆ ಅದರಲ್ಲಿ ಏನಿದ್ಯೋ ಹಾಗೇ ಮಾಡ್ತಿದ್ದೆ. ಆ ಬೆರಳು ಸರಿಯಿಲ್ಲ ಅಂತ ನನಗೆ ಮೊದಲನೇ ದಿನವೇ ಅನ್ನಿಸಿತ್ತು. ಇಷ್ಟು ವರ್ಷ ವಾರ್ಡಲ್ಲಿ ಯಾರೂ ಬೆರಳೆತ್ತಿದ್ದು ನೋಡಿರ್ಲಿಲ್ಲ. ಆದ್ರೆ ನೀನು ಮಾಡಿದ ಪಾಠ ಅಲ್ವಾ, ನಿನಗೆ ಗೊತ್ತಿಲ್ಲದೇ ಇರತ್ತಾ, ನನಗೇ ತಿಳಿಯಲ್ಲ ಅಂದ್ಕೊಂಡೆ. ತಪ್ಪು ಅಂತ ನೀನೇ ಬಂದು ಹೇಳಿದ್ಯಲ್ಲ, ಅಷ್ಟು ಸಾಕಾಯ್ತು. ವಾರ್ಡಲ್ಲಿ ದಿನಾ ಬ್ರೇಕ್ ಹಾಕಿ ಕೂರಿಸ್ತೀನಲ್ಲ, ಹಾಗೇ ಕೂರಿಸ್ದೆ.”

ಮೇಷ್ಟ್ರು ಮೆಲ್ಲಗೆ ಕೇಳಿದರು.

“ಹಾಗಾದ್ರೆ ಅಷ್ಟೆಲ್ಲ ಸುಮ್ನೆ ಮಾಡಿದ್ನಾ?”

“ಸುಮ್ನೆ ಯಾಕೆ? ಉಳಿದೋರೆಲ್ಲ ನೋಡಿ ಪಾಸಾದ್ರಲ್ಲ.” ಅಕ್ಕ ಚಪ್ಪಲಿ ಮೆಟ್ಟಿಕೊಂಡು ಎದ್ದರು, ವಾರ್ಡಿನಲ್ಲಿ ಯಾರೋ ಅವರನ್ನು ಕೂಗುತ್ತಿದ್ದರು. “ಅವರಿಗೆ ನೀನು ತಮ್ಮ ಅಲ್ವಲ್ಲ.”